ಚಕ್ಕುಲಿಗೆ ಹುಷಾರಿಲ್ಲ (ನಾಲ್ಕನೆಯ ಕರಡು)

೧

ಇಳಾ ಚಕ್ಕುಲಿಯನ್ನು ಸಿಹಿತಿಂಡಿಯ ಪಾರದರ್ಶಕ ಡಬ್ಬಿಯೊಳಕ್ಕೆ ಇಳಿಸಿ, ಡಬ್ಬಿಯನ್ನು ತಲೆಯ ಮೇಲಕ್ಕೆತ್ತಿ, ಕೆಳಗಿನಿಂದ ಮೊಬೈಲಿನ ಟಾರ್ಚ್ ಹಾಯಿಸಿದಳು. ಹೊಟ್ಟೆಯ ತೆಳು ಚರ್ಮದೊಳಗೆ ಒಂದು ಮಚ್ಚೆ. ನೀಲಿಗೆ ಹತ್ತಿರದ ಕಪ್ಪು. ಹೋದ ಶನಿವಾರ ಅದು ಇರಲಿಲ್ಲ.

"ಡ್ಯಾಡ್, ವಿ ನೀಡ್ ಟು ಗೋ. ಲೈಕ್, ನೌ."

ಇಲ್ಲಿಂದ ಶುರು ಮಾಡಬಹುದೇ? ಓದುಗರೇ, ಚಕ್ಕುಲಿ ಯಾರು, ಇಳಾ ಯಾರು, ನಿಮಗೆ ಗೊತ್ತಿಲ್ಲ. ಆದರೂ ಮಚ್ಚೆಯನ್ನು ನೋಡಿಬಿಟ್ಟಿರಿ. ಮೊದಲ ಕರಡಿನಲ್ಲಿ ನಾನು ಸಭ್ಯನಂತೆ ಮಿಶಿಗನ್‌ನ ಹವಾಮಾನದಿಂದ ಶುರು ಮಾಡಿದ್ದೆ. ಎರಡು ಪುಟ ಹಿಮ ಸುರಿದರೂ ಯಾರೂ ಮನೆಯಿಂದ ಹೊರಗೆ ಬರಲಿಲ್ಲ. ಆ ಕರಡು ಅಲ್ಲೇ ಹೆಪ್ಪುಗಟ್ಟಿದೆ.

ಈ ಸಲ ಓಡೋಣ. ಕಾರು ಬಿಸಿಯಾಗುವಷ್ಟರಲ್ಲಿ ಎಲ್ಲರ ಪರಿಚಯ ಮಾಡಿಸುತ್ತೇನೆ.

೨

ಚಕ್ಕುಲಿ ಒಂದು ಲೆಪರ್ಡ್ ಗೆಕೋ. ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲ; ನಮ್ಮ ಗೋಡೆಯ ಹಲ್ಲಿಗೆ ದೂರದ ನೆಂಟ. ಮಲಗುವಾಗ ಸುರುಳಿ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಇಳಾ ಮಿಶಿಗನ್‌ನ ನೋವೈ ಊರಿನಲ್ಲಿ ಹೈಸ್ಕೂಲು ಓದುವ ಹುಡುಗಿ, ಚಕ್ಕುಲಿಯ ಒಡತಿ. (ಈ ಪದವನ್ನು ಅವಳು ಒಪ್ಪುವುದಿಲ್ಲ. "ಕೇರ್‌ಟೇಕರ್" ಅಂತೆ.) ಅವಳ ಅಪ್ಪ ದಾನಪ್ಪ ಕಾರಿನ ಬ್ರೇಕುಗಳ ಎಂಜಿನಿಯರು, ಆಫೀಸಿನಲ್ಲಿ ಡ್ಯಾನ್. ಅಮ್ಮ ಮಂಜರಿ ಕೆಲಸದ ಮೇಲೆ ಟೆನೆಸಿಗೆ ಹೋಗಿದ್ದಾಳೆ. ಮೂರನೆಯ ಕರಡಿನಲ್ಲಿ ಅವಳೂ ಮನೆಯಲ್ಲಿದ್ದಳು. ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಸರಿಮಾಡಿಬಿಟ್ಟಳು, ಕಥೆಯೇ ಹುಟ್ಟಲಿಲ್ಲ. ಹಾಗಾಗಿ ಟೆನೆಸಿ.

ನಾನಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಪಾತ್ರಗಳನ್ನು ಬೇಕೆಂದೇ ಇನ್ನೊಂದು ರಾಜ್ಯದಲ್ಲಿ ಇಟ್ಟೆ, ಸಿಟ್ಟು ಬಂದರೂ ಬಂದು ಬಾಗಿಲು ಬಡಿಯದಿರಲಿ ಎಂದು. ಉಪಯೋಗವಾಗಲಿಲ್ಲ. ಎರಡನೆಯ ಕರಡಿನಲ್ಲಿ ಚಕ್ಕುಲಿ ಗೋಡೆ ಹತ್ತಿ, ವಿಡಿಯೋ ಮೀಟಿಂಗ್‌ನಲ್ಲಿದ್ದ ದಾನಪ್ಪನ ತಲೆಯ ಮೇಲೆ ಬಿದ್ದಿತ್ತು. ಹಲ್ಲಿ ನೆತ್ತಿಯ ಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿ ಹುಡುಕಿ ಐದು ಪುಟ ಎಳೆಯುವ ಆಸೆಯಿತ್ತು ನನಗೆ. ಇಳಾ ಅಡ್ಡ ಬಂದಳು. ಲೆಪರ್ಡ್ ಗೆಕೋಗೆ ಬೆರಳಲ್ಲಿ ಅಂಟಿಲ್ಲ, ಗೋಡೆ ಹತ್ತಲಾರದು, ಬೇರೆ ಹಲ್ಲಿಗಳಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು, ಇಷ್ಟೂ ತಿಳಿಯದೆ ಬರೆಯುತ್ತೀರಾ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗಿನ್ನೂ ಇಪ್ಪತ್ತಾರು. ಅಂಕಲ್ ಅನ್ನುವುದನ್ನು ಮಾತ್ರ ಅವಳು ಅಚ್ಚ ಕನ್ನಡದಲ್ಲಿ ಅಂದಂತಿತ್ತು.

೩

ಈಗ ಶುಕ್ರವಾರಗಳ ಸಂಗತಿ.

ದಾನಪ್ಪನ ತಾಯಿ ಶಿವಲಿಂಗಮ್ಮ ಚಳಿ ಶುರುವಾಗುವ ಮುಂಚೆ ಬಾಗಲಕೋಟೆಯಿಂದ ಬಂದರು. ಹೊಸತರಲ್ಲಿ ಚಕ್ಕುಲಿಯ ಗಾಜಿನ ಪೆಟ್ಟಿಗೆಯಿದ್ದ ಕೋಣೆಗೇ ಕಾಲಿಡುತ್ತಿರಲಿಲ್ಲ. ಮೊಟ್ಟೆಯೂ ಬಾರದ ಮನೆ; ಗರಾಜಿನ ಫ್ರಿಜ್ಜಿನಲ್ಲಿ ಜೀವಂತ ಹುಳುಗಳ ಡಬ್ಬಿ ಕಂಡ ದಿನ ಅವರು ಒಂದು ಹೊತ್ತು ಊಟ ಬಿಟ್ಟರು. ಆಮೇಲೆ, ಮೊಮ್ಮಗಳು ಸ್ಕೂಲಿಗೆ, ಮಗ ಸೊಸೆ ಆಫೀಸಿಗೆ ಹೋದ ಮೇಲೆ, ಮಾತಾಡಿಸಿದರೆ ತಲೆಯೆತ್ತಿ ನೋಡುವ ಜೀವ ಅದೊಂದೇ ಎಂದು ಅವರಿಗೆ ತಿಳಿಯಿತು. ಮನಸ್ಸಿನಲ್ಲಿ ಏನಾದರೂ ಅಂದುಕೊಂಡು, ಹಲ್ಲಿ ಲೊಚಗುಟ್ಟಲಿ ಎಂದು ಪೆಟ್ಟಿಗೆಯ ಮುಂದೆ ಕಾಯುತ್ತಿದ್ದರು. ಅದು ಲೊಚಗುಟ್ಟಲಿಲ್ಲ. ಕಣ್ಣು ಮಿಟುಕಿಸಿತು. ಅಷ್ಟು ಸಾಕಾಯಿತು.

ಶುಕ್ರವಾರ ಬೆಳಿಗ್ಗೆ ಮನೆಯ ಮುಂದೆಲ್ಲ ಹಿಮ, ರಂಗೋಲಿಗೆ ಜಾಗವಿಲ್ಲ. ಆದರೆ ಪೆಟ್ಟಿಗೆಯೊಳಗೆ ಚಕ್ಕುಲಿ ಅಡಗಿ ಮಲಗುವ ಪುಟ್ಟ ಗುಹೆಯಿತ್ತು, ಅದಕ್ಕೊಂದು ಬಾಗಿಲಿತ್ತು. ಬಾಗಿಲಿದ್ದ ಮೇಲೆ ಅದರ ಮುಂದೆ ಬೋಳು ಬಿಡುವುದು ಹೇಗೆ? ಊರಿಂದ ತಂದ ರಂಗೋಲಿ ಪುಡಿ, ಬಿಳಿ ಕಲ್ಲಿನದು, ಚಿಟಿಕೆಯಷ್ಟು ತೆಗೆದು ನಾಲ್ಕು ಎಳೆ ಎಳೆದರು. ಚಕ್ಕುಲಿ ಹೊರಬಂದು ನೆಕ್ಕಿತು. ಶಿವಲಿಂಗಮ್ಮ ಹಿಗ್ಗಿದರು. ಮುಂದಿನ ಶುಕ್ರವಾರ ಇನ್ನೊಂದಿಷ್ಟು ದೊಡ್ಡದು ಹಾಕಿದರು. ಅದರ ಮುಂದಿನ ವಾರ ಕಮಲ.

(ಪೆಟ್ಟಿಗೆಯ ಮೂಲೆಯ ಬಟ್ಟಲಲ್ಲಿ ಇಳಾ ಇಡುವ ಕ್ಯಾಲ್ಸಿಯಂ ಪುಡಿಯೂ ಬಿಳಿ. ಮೂಳೆ ಗಟ್ಟಿಯಾಗಲು ಗೆಕೋ ಅದನ್ನು ನೆಕ್ಕುತ್ತದೆ. ಬಿಳಿ ಪುಡಿಯೆಂದರೆ ನೆಕ್ಕುವುದು ಎಂದೇ ಅದು ಕಲಿತಿದೆ. ನೆಲಕ್ಕೆ ಹಾಸಿದ ಪೇಪರ್ ಟವೆಲೂ ಬಿಳಿ. ಮರಳು ಹಾಸಿದರೆ ನುಂಗಿ ಹೊಟ್ಟೆ ಕಟ್ಟಿಕೊಂಡೀತು ಎಂದು ಓದಿಯೇ ಇಳಾ ಪೇಪರು ಹಾಸಿದ್ದಳು. ಬಿಳಿಯ ಮೇಲಿನ ಬಿಳಿ ಯಾರ ಕಣ್ಣಿಗೆ ಬೀಳಬೇಕು? ಓದುಗರೇ, ಇಳಾಗೆ ಗೊತ್ತಿಲ್ಲದ್ದು ಈಗ ನಿಮಗೆ ಗೊತ್ತು. ಬೇಕಾದರೆ ಕೂಗಿ ಹೇಳಿ ನೋಡಿ. ನಾನೂ ಕೂಗಿ ನೋಡಿದೆ.)

೪

ಇಳಾಗೆ ಗೊತ್ತಿದ್ದದ್ದು ಬೇರೆ, ಮತ್ತು ಅದೇನು ಕಡಿಮೆಯಲ್ಲ.

ಗೆಕೋ ನರಳುವುದಿಲ್ಲ. ಕುಂಟುತ್ತ ಬಂದು ಮಡಿಲಲ್ಲಿ ತಲೆಯಿಡುವುದಿಲ್ಲ. ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಪ್ರಾಣಿ ಇನ್ನೊಂದರ ಬಾಯಿಗೆ ಹೋಗುತ್ತದೆ. ಆದ್ದರಿಂದ ಅದು ಕೊನೆಯ ತನಕ ಚೆನ್ನಾಗಿರುವಂತೆ ನಟಿಸುತ್ತದೆ. ನೋಡುವವರೇ ನೋಡಬೇಕು. ಬಾಲ ನೋಡಬೇಕು, ಅದರ ಬುತ್ತಿಯೆಲ್ಲ ಅಲ್ಲಿದೆ. ಬಾಲ ತೆಳ್ಳಗಾದರೆ ಬುತ್ತಿ ಕರಗುತ್ತಿದೆ. ಕಣ್ಣು ಗುಳಿ ಬಿದ್ದಿದೆಯೇ, ಪೊರೆ ಬಿಟ್ಟಾಗ ಬೆರಳ ತುದಿಯಲ್ಲಿ ಹಳೆಯ ಚರ್ಮ ಉಳಿದಿದೆಯೇ, ಬೆಚ್ಚಗಿನ ಕಡೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದೂ ತಣ್ಣನೆಯ ಮೂಲೆಯಲ್ಲೇ ಬಿದ್ದಿದೆಯೇ. ಎಲ್ಲಕ್ಕಿಂತ ಮುಖ್ಯ, ಹಿಕ್ಕೆ ಹಾಕಿದೆಯೇ.

ಈ ವಾರ ಹಾಕಿರಲಿಲ್ಲ. ಹುಳು ಮುಂದೆ ಹಿಡಿದರೆ ಮುಖ ತಿರುಗಿಸಿತ್ತು. ಅಮ್ಮ ಮುಟ್ಟಬಾರದೆಂದಿದ್ದ ಅಡುಗೆಮನೆಯ ತಕ್ಕಡಿಯ ಮೇಲೆ ಅದನ್ನು ಕೂರಿಸಿ ನೋಡಿದರೆ, ಹೊಟ್ಟೆ ಉಬ್ಬಿದ್ದರೂ ತೂಕ ಇಳಿದಿತ್ತು. ಆಗಲೇ ಅವಳು ಡಬ್ಬಿಯನ್ನೂ ಟಾರ್ಚನ್ನೂ ತಂದದ್ದು.

ಹಿಕ್ಕೆ ಹಾಕಿಲ್ಲ ಅನ್ನುವುದು ಶಿವಲಿಂಗಮ್ಮನವರಿಗೆ ಯಾವ ಅನುವಾದವೂ ಇಲ್ಲದೆ ಅರ್ಥವಾಯಿತು. ಹರಳೆಣ್ಣೆಯ ಬಾಟಲಿ ಹಿಡಿದುಕೊಂಡೇ ಬಂದರು.

"ಒಂದ ಹನಿ, ಅವ್ವಿ. ನಾಲಿಗಿ ಮ್ಯಾಲ ಇಟ್ರ ಸಾಕು. ನಿಮ್ಮಪ್ಪಗೂ ಹಿಂಗ ಹಾಕೀನಿ."

"ಅಜ್ಜಿ, ನೋ. ಪ್ಲೀಸ್. ಡ್ಯಾಡ್ ಈಸ್ ನಾಟ್ ಅ ಗೆಕೋ."

ದಾನಪ್ಪ ಹಿಮಗನ್ನಡಕ ಹಾಕಿಕೊಂಡು... (ಹಿಮಗನ್ನಡಕವೇಕೆ? ತೆಗೆದೆ.) ದಾನಪ್ಪ ಕಾರನ್ನು ಗರಾಜಿನಿಂದ ಹೊರಗೆ ತೆಗೆದ.

೫

ಊರಿನ ಪ್ರಾಣಿವೈದ್ಯರೆಲ್ಲ ನಾಯಿ ಬೆಕ್ಕಿನವರು. ಹಲ್ಲಿ, ಹಾವು, ಆಮೆ ನೋಡುವ ಡಾಕ್ಟರು ಟ್ರಾಯ್ ಕಡೆ ಒಬ್ಬರಿದ್ದಾರೆಂದು ಇಳಾ ಚಕ್ಕುಲಿ ಮನೆಗೆ ಬರುವ ಮೊದಲೇ ಹುಡುಕಿಟ್ಟಿದ್ದಳು. ಡಬ್ಬಿಯ ಪಕ್ಕ ಬಿಸಿನೀರಿನ ಚೀಲ, ಚೀಲದ ಸುತ್ತ ಅಜ್ಜಿಯ ಹಳೆಯ ಇಳಕಲ್ ಸೀರೆಯ ತುಂಡು, ಕಾರಿನ ಹೀಟರು ಪೂರ್ತಿ. ದಾನಪ್ಪ ಕೋಟು ಬಿಚ್ಚಿದ, ಸ್ವೆಟರು ಬಿಚ್ಚಿದ, ಬೆವರುತ್ತಲೇ ಹೆದ್ದಾರಿ ಹಿಡಿದ. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳು ಡಬ್ಬಿಯ ಎರಡು ತುದಿ ಹಿಡಿದು ಕೂತಿದ್ದರು. ಎಕ್ಸಿಟ್ ತಪ್ಪಿಸಿಬಿಡಲೇ ಎಂದು ನನಗೆ ಆಸೆಯಾಯಿತು. ಕುತೂಹಲ ಏರುತ್ತದೆ, ಒಂದು ಪುಟ ಸಿಗುತ್ತದೆ. ಕನ್ನಡಿಯಲ್ಲಿ ಇಳಾಳ ಮುಖ ನೋಡಿ ಧೈರ್ಯ ಬರಲಿಲ್ಲ. ಕಾರು ಸರಿಯಾದ ಎಕ್ಸಿಟ್ಟಿನಲ್ಲೇ ಇಳಿಯಿತು.

೬

ಎಕ್ಸ್‌ರೇ. ಕಪ್ಪು ಪರದೆಯ ಮೇಲೆ ಚಕ್ಕುಲಿಯ ಮೂಳೆಗಳೆಲ್ಲ ಬೆಳಗುತ್ತಿದ್ದವು, ಹೊಟ್ಟೆಯ ನಡುವೆ ಮೂಳೆಗಿಂತ ಬೆಳ್ಳಗೆ ಒಂದು ಉಂಡೆ. ಕಲ್ಲಿನಂಥದ್ದೇನೋ ಕರುಳಲ್ಲಿ ಕಟ್ಟಿಕೊಂಡಿದೆ ಎಂದರು ಡಾಕ್ಟರು. (ಇಂಗ್ಲಿಷಿನಲ್ಲಿ. ಅನುವಾದ ನನ್ನದು, ತಪ್ಪಿದ್ದರೆ ಅದೂ ನನ್ನದೇ.) ಪೆಟ್ಟಿಗೆಯಲ್ಲಿ ಮರಳಿದೆಯೇ? ಇಲ್ಲ, ಪೇಪರ್ ಟವೆಲ್ ಎಂದಳು ಇಳಾ. ಹಾಗಾದರೆ ಇದು ಎಲ್ಲಿಂದ ಬಂತು? ಇಳಾ ತನಗೆ ಗೊತ್ತಿರುವುದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದುದು ಕಾಣುತ್ತಿತ್ತು. ತಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಅವಳ ಕಣ್ಣು ತುಂಬಿತು.

ದಾನಪ್ಪನಿಗೆ ಗೊತ್ತಾಯಿತು. ಒಂದು ಶುಕ್ರವಾರ ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಆ ಕಮಲವನ್ನು ನೋಡಿದ್ದ. ನಕ್ಕು, ಫೋಟೋ ತೆಗೆದು, ಬಾಗಲಕೋಟೆಯ ನೆಂಟರ ಗ್ರೂಪಿಗೆ ಕಳಿಸಿದ್ದ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದ್ದರು.

"ಏನಂತಾಳ ಡಾಕ್ಟರಬಾಯಿ, ದಾನು?" ಎಂದು ತಾಯಿ ಕೇಳಿದರು.

"ಏನಿಲ್ಲವ್ವಾ. ಕ್ಯಾಲ್ಸಿಯಂ ಜಾಸ್ತಿ ಆಗೇತಂತ. ಆಗತಿರತೈತಿ."

ಶಿವಲಿಂಗಮ್ಮ ಎದ್ದು ಪರದೆಯ ಹತ್ತಿರ ಹೋದರು. ನೋಡಿದರು. ಬೆಳಿಗ್ಗೆ ಬೆಳಿಗ್ಗೆ ಅದೇ ಬಿಳುಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬದುಕು ಕಳೆದವರು.

"ಕ್ಯಾಲ್ಸಿಯಂ ಅಲ್ಲ. ಇದು ನನ್ನ ರಂಗೋಲಿ. ಆಕಿಗೆ ಹೇಳು. ಕಲ್ಲಿನ ಪುಡಿ ಅಂತ ಬಿಡಿಸಿ ಹೇಳು, ಔಷಧ ಕೊಡಾಕ ಬೇಕಾಗತೈತಿ."

ದಾನಪ್ಪ ಹೇಳಿದ. ಡಾಕ್ಟರು ತಲೆಯಾಡಿಸಿದರು, ಏನೆಂದು ಗೊತ್ತಾದದ್ದು ಒಳ್ಳೆಯದಾಯಿತು ಎಂದರು. ಸಣ್ಣ ಸಿರಿಂಜಿನಲ್ಲಿ ಬಾಯಿಗೆ ಹಾಕುವ ಔಷಧ, ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವುದು, ನೀರು ಹೊಟ್ಟೆಯ ಮಟ್ಟಕ್ಕೆ ಮಾತ್ರ. ಸದ್ಯಕ್ಕೆ ಹುಳು ಬೇಡ. ಮನೆಯ ಎಣ್ಣೆ ಬೇಡವೇ ಬೇಡ, ಶ್ವಾಸಕ್ಕೆ ಹೋದರೆ ಕೆಡುತ್ತದೆ. ಹಿಂಗಾಲು ಎಳೆಯತೊಡಗಿದರೆ ತಕ್ಷಣ ಕರೆತನ್ನಿ. ಇಲ್ಲವಾದರೆ ಸೋಮವಾರ ನೋಡಿ, ಉಂಡೆ ಜರುಗದಿದ್ದರೆ ಆಪರೇಷನ್. ಬದುಕುತ್ತದೆಯೇ ಎಂದು ಇಳಾ ಕೇಳಿದಳು. ಬೇಗ ತಂದಿದ್ದೀಯ ಎಂದರು ಡಾಕ್ಟರು. ಅದು ಉತ್ತರವಲ್ಲ ಎಂದು ಇಳಾಗೂ ತಿಳಿಯಿತು, ನಮಗೂ.

ವಾಪಸು ಬರುವಾಗ ಇಳಾ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ಅಜ್ಜಿ ಒಬ್ಬರೇ.

೭ (ಅಂತ್ಯಗಳು. ಆರಿಸಿಕೊಳ್ಳಿ.)

ಅ. ಭಾನುವಾರ ನೀರಿನಲ್ಲಿ ಕೂತಾಗ ಚಕ್ಕುಲಿ ಬಾಲವೆತ್ತುತ್ತದೆ. ಇಡೀ ಮನೆ ಒಂದು ಹಿಕ್ಕೆಯ ಸುತ್ತ ನಿಂತು ಚಪ್ಪಾಳೆ ತಟ್ಟುತ್ತದೆ, ಮಂಜರಿ ಟೆನೆಸಿಯಿಂದ ವಿಡಿಯೋದಲ್ಲಿ. ಇದನ್ನು ಬರೆಯುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಇಳಾ ಓದಿ, ಕೆಲವು ಸಲ ದಿನಗಟ್ಟಲೆ ಹಿಡಿಯುತ್ತದಂತೆ, ಸುಳ್ಳು ಆಸೆ ಹುಟ್ಟಿಸಬೇಡಿ ಎಂದಳು.

ಆ. ಚಕ್ಕುಲಿ ಸಾಯುತ್ತದೆ. ಹೆಪ್ಪುಗಟ್ಟಿದ ಹಿತ್ತಿಲಲ್ಲಿ ದಾನಪ್ಪ ಗುದ್ದಲಿ ಹಾಕುತ್ತಾನೆ, ನೆಲ ಬಿರಿಯುವುದಿಲ್ಲ. ನಾನು ಪಶ್ಚಿಮದ ಕಥೆಗಳ ಅನುವಾದಗಳನ್ನೇ ಓದಿ ಬೆಳೆದವನು. ಅವುಗಳಲ್ಲಿ ಪ್ರಾಣಿ ಕೊನೆಯ ಪುಟ ದಾಟಿದ್ದು ಕಡಿಮೆ. ಇಳಾ ಓದಿ, ಹಾಳೆಯನ್ನು ನನ್ನತ್ತ ತಳ್ಳಿದಳು.

"ಯು ಜಸ್ಟ್ ವಾಂಟ್ ಟು ಸೌಂಡ್ ಯೂರೋಪಿಯನ್."

ಇ. ಹತ್ತು ವರ್ಷಗಳ ನಂತರ ಇಳಾ ಡಾಕ್ಟರಾಗಿರುತ್ತಾಳೆ, ಇತ್ಯಾದಿ. ಇದನ್ನು ನಾನೇ ಹರಿದೆ.

೮

ಭಾನುವಾರ ಬೆಳಿಗ್ಗೆ. ಸ್ನಾನದ ಮನೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಟಬ್ಬು, ತಳದಲ್ಲಿ ಬೆರಳಷ್ಟು ನೀರು. ಕಾರಿನಿಂದ ಇಳಿದ ಮೇಲೆ ಇಳಾ ಅಜ್ಜಿಯ ಜೊತೆ ಮಾತಾಡಿರಲಿಲ್ಲ. ಈಗ ಬಂದು, ಥರ್ಮಾಮೀಟರನ್ನು ಅವರ ಕೈಗೆ ಕೊಟ್ಟು, ತನಗೆ ಬರುವ ಕನ್ನಡವನ್ನೆಲ್ಲ ಒಟ್ಟುಮಾಡಿ ಹೇಳಿದಳು:

"ಅಜ್ಜಿ, ನೈಂಟಿ ಮೇಲೆ ಹೋಗಬಾರದು. ಕೆಳಗೆ ಬಂದ್ರೆ ಬಿಸಿನೀರು ಹಾಕು. ಅದರ ಮೇಲೆ ಅಲ್ಲ. ಸೈಡಲ್ಲಿ."

"ಹೂಂ" ಎಂದರು ಅಜ್ಜಿ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. ಇಳಾ ಎರಡು ಕೈಯಿಂದ ಚಕ್ಕುಲಿಯನ್ನು ಇಳಿಸಿದಳು. ಅದು ಕತ್ತು ಎತ್ತಿಕೊಂಡು ನಿಂತಿತು. ಮಚ್ಚೆ ಹಾಗೇ ಇತ್ತು. ಹಿಂಗಾಲುಗಳು ಇನ್ನೂ ನೆಲ ಹಿಡಿದಿದ್ದವು. ಇಳಾ ಔಷಧ ತರಲು ಹೋದಳು.

ಇದೇ ಸಮಯವೆಂದು ನಾನು ಬಾಗಿಲಲ್ಲಿ ನಿಂತೆ. ನೇಪರ್‌ವಿಲ್‌ನಿಂದ ಬಂದಿದ್ದೇನೆ, ಈ ಕಥೆ ಬರೆಯುತ್ತಿರುವವನು ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಕಾಲು ಒರೆಸಿಕೊಂಡು ಬಾ ಎಂದರು. ಚಕ್ಕುಲಿಯನ್ನು ಗುಣಪಡಿಸುವ ವಿದ್ಯೆ ನನಗೆ ತಿಳಿಯದು, ಆದರೆ ಅಳಿಸುವುದು ತಿಳಿದಿದೆ ಎಂದೆ. ನನಗೆ ಉತ್ಸಾಹ ತಡೆಯಲಾಗುತ್ತಿರಲಿಲ್ಲ, ಇಂಥ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೋ.

"ಅಜ್ಜಿ, ಮೂರನೇ ಭಾಗ ಪೂರ್ತಿ ತೆಗೆದುಬಿಡ್ತೀನಿ. ನೀವು ಆ ಕೋಣೆಗೆ ಹೋಗಲೇ ಇಲ್ಲ, ರಂಗೋಲಿ ಹಾಕಲೇ ಇಲ್ಲ. ಇಳಾಗೆ ನಿಮ್ಮ ಮೇಲೆ ಬೇಜಾರಿರಲ್ಲ. ಯಾರಿಗೂ ಗೊತ್ತಾಗಲ್ಲ."

ಅವರು ಥರ್ಮಾಮೀಟರ್ ನೋಡಿ, ಟಬ್ಬಿನ ಅಂಚಿಗೆ ಒಂದು ಲೋಟ ಬಿಸಿನೀರು ಬಿಟ್ಟರು. ಸೈಡಿನಲ್ಲಿ.

"ನನ್ನ ಮಗಾನೂ ಹಿಂಗ ಮುಚ್ಚಾಕ ನೋಡಿದ, ತಮ್ಮಾ. ನೀ ಹಾಳ್ಯಾಗಿಂದ ತಗದ್ರ ಇದರ ಹೊಟ್ಟ್ಯಾಗಿಂದ ಹೋಗತೈತೇನು?"

ಕಥೆಯಲ್ಲಿ ಹೋಗುತ್ತದೆ ಎಂದೆ.

"ಮತ್ತ ಬ್ಯಾರೆ ಯಾವಾಕಿನರ ಇವತ್ತ ಹಲ್ಲಿ ಮನಿ ಮುಂದ ಪುಡಿ ಹಿಡಕೊಂಡು ಕುಂತಿದ್ರ? ಆಕಿಗೆ ಯಾರು ಹೇಳಬೇಕು?"

ಮಹಡಿಯ ಮೆಟ್ಟಿಲಲ್ಲಿ ಇಳಾಳ ಹೆಜ್ಜೆ ಕೇಳಿಸುತ್ತಿತ್ತು. ಚಕ್ಕುಲಿ ನೀರಿನಲ್ಲಿ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ಹಾಗಾದರೆ ನಿಮ್ಮ ಹೆಸರನ್ನಾದರೂ ತೆಗೆಯುತ್ತೇನೆ, ಯಾವುದೋ ಅಜ್ಜಿ ಎಂದಿರಲಿ ಎಂದೆ.

"ಒಲ್ಲೆ."