ನಗಾರಿ ಮುಟ್ಟಕೂಡದು

ಬಿದರಕೋಟೆಯ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಸಂಗತಿ ಆ ವರ್ಷದ ಮಾಘ ಮಾಸದ ಒಂದು ಇಳಿಹೊತ್ತಿನಲ್ಲಿ ನಡೆಯಿತು. ಅಡಿಕೆ ಗಾತ್ರದ ಒಂದು ಗಾರೆಯ ಚೂರು ಊರಬಾಗಿಲ ಕಮಾನಿನಿಂದ ಕಳಚಿ, ಕೆಳಗೆ ಅಳತೆಪಟ್ಟಿ ಹಿಡಿದು ನಿಂತಿದ್ದ ಓವರ್ಸಿಯರರ ಟೋಪಿಯ ಮೇಲೆ ಬಿತ್ತು. ಪಾಳೆಯಗಾರರ ಕಾಲದಲ್ಲಿ ಅದೇ ಬಾಗಿಲ ಮೇಲೆ ಫಿರಂಗಿ ಗುಂಡುಗಳೇ ಬಿದ್ದಿದ್ದವು. ಆ ಬಗ್ಗೆ ಯಾರೂ ಯಾರಿಗೂ ಬರೆದಂತೆ ಕಾಣುವುದಿಲ್ಲ. ಈ ಚೂರಿನ ಬಗ್ಗೆ ಮಾತ್ರ ಹೊಳಲ್ಕೆರೆಗೆ ಒಂದು ಕಾಗದ, ಹೊಳಲ್ಕೆರೆಯಿಂದ ದುರ್ಗಕ್ಕೆ ಒಂದು, ದುರ್ಗದಿಂದ ಬೆಂಗಳೂರಿಗೆ ಒಂದು ಹೋಯಿತು. ಓವರ್ಸಿಯರರ ತಲೆಗೆ ಏನೂ ಆಗಿರಲಿಲ್ಲ. ಬಾಗಿಲ ಮೇಲೆ ನಗಾರಿ ಬಡಿಯುವುದರಿಂದ ಪ್ರಾಚೀನ ಕಟ್ಟಡ ಅದುರುತ್ತಿದೆ ಎಂದು ಅವರು ಬರೆದಿದ್ದರು.

ಆ ಹೊತ್ತಿನಲ್ಲಿ ಮೇಲಿನ ನಗಾರಖಾನೆಯಲ್ಲಿ ಚಿಕ್ಕತಿಮ್ಮಪ್ಪ ಸಂಜೆಯ ನಗಾರಿ ಬಡಿಯುತ್ತಿದ್ದುದು ನಿಜ. ಕೆಳಗೆ ಯಾರೋ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ನಗಾರಿಯ ಮುಂದೆ ನಿಂತವನಿಗೆ ನಗಾರಿಯೂ ಸರಿಯಾಗಿ ಕೇಳಿಸುವುದಿಲ್ಲ, ಅಂಗಾಲಿಗೆ ತಾಗುತ್ತದೆ ಅಷ್ಟೆ. ಎಂಟು ಪೆಟ್ಟು ನಿಧಾನ, ಎಂಟು ಬಿರುಸು, ಕೊನೆಗೆ ಮಳೆ ನಿಂತ ಮೇಲೆ ಸೂರು ತೊಟ್ಟಿಕ್ಕುವ ಹಾಗೆ ಒಂದೊಂದಾಗಿ ಮೂರು. ಬಾಗಿಲಿಗೆ ಕದಗಳಿದ್ದ ಕಾಲದಲ್ಲಿ ಮೂರನೆಯ ಪೆಟ್ಟಿಗೆ ಅವನ್ನು ಮುಚ್ಚುತ್ತಿದ್ದರಂತೆ. ಕದಗಳು ಅವನ ತಾತನ ಕಾಲಕ್ಕೇ ಯಾರದೋ ಒಲೆ ಸೇರಿದ್ದವು. ಈಗ ಆ ಪೆಟ್ಟಿಗೆ ಹೆಂಗಸರು ದೀಪ ಹಚ್ಚುತ್ತಿದ್ದರು, ಕುರಿಯವರು ರೊಪ್ಪಕ್ಕೆ ಮುಳ್ಳು ಎಳೆಯುತ್ತಿದ್ದರು.

ಈ ಕೆಲಸಕ್ಕಾಗಿ ಅವನ ಮನೆತನಕ್ಕೆ ಕೆರೆ ಏರಿಯಾಚೆ ಎರಡೂವರೆ ಎಕರೆ ಇನಾಂ ಹೊಲವಿತ್ತು. "ಬಾಗಿಲ ಮೇಲೆ ನಿಂತು ಉಭಯ ಸಂಧ್ಯೆಯಲ್ಲೂ ನಗಾರಿ ಸೇವೆ ನಡೆಸಿಕೊಂಡು ಬರುವವರೆಗೆ" ಅನುಭವಿಸತಕ್ಕದ್ದು ಎಂದು ಸನ್ನದಿನಲ್ಲಿ ಬರೆದಿತ್ತು. ಚಿಕ್ಕತಿಮ್ಮಪ್ಪನಿಗೆ ಓದು ಬಾರದು, ಆದರೆ ಆ ಸಾಲು ಬಾಯಿಪಾಠವಾಗಿತ್ತು. ಏಳು ವರ್ಷದ ಹಿಂದೆ ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗಲೂ ಅವನೊಬ್ಬ ಎರಡು ಹೊತ್ತೂ ಖಾಲಿ ಊರಿಗೆ ಹೋಗಿ ಬಡಿದು ಬರುತ್ತಿದ್ದ. ಹಾಗೆ ಬಡಿದು ಬಂದ ಒಂದು ಸಂಜೆ ಗುಡಿಸಲಲ್ಲಿ ಮಗಳು ಬರಗೇರಮ್ಮನ ಮೈ ತಣ್ಣಗಾಗಿತ್ತು. ಎಂಟು ವರ್ಷದ ಹುಡುಗಿ. ಹೆಗಲು ಕೊಡಲು ಯಾರೂ ಹತ್ತಿರ ಬರಲಿಲ್ಲ. ಗಂಡಹೆಂಡಿರೇ ಹೊಲದ ಮೂಲೆಯ ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ಮರುದಿನ ಬೆಳಗಿನ ನಗಾರಿ ಹೊತ್ತಿಗೆ ಸರಿಯಾಗಿ ಆಯಿತು.

ಯುಗಾದಿ ಕಳೆದು ಬೆಂಗಳೂರಿನಿಂದ ಉತ್ತರ ಬಂತು. ಒಂದಲ್ಲ, ಎರಡು ಹುಕುಂ, ಒಂದೇ ಕೆಂಪು ದಾರದಲ್ಲಿ ಕಟ್ಟಿದ್ದು. ಪ್ರಾಚೀನ ಕಟ್ಟಡಗಳು ನಾಡಿನ ಸಂಪತ್ತಾದ್ದರಿಂದ ಬಿದರಕೋಟೆಯ ಬಾಗಿಲನ್ನೂ ಅದರೊಳಗಿನ ಸಮಸ್ತ ವಸ್ತುಗಳನ್ನೂ ಯಾರೂ ಮುಟ್ಟಕೂಡದು, ಅದುರಿಸಕೂಡದು, ಅಲ್ಲಿ ಬೆಂಕಿ ಹಾಕಕೂಡದು, ತಪ್ಪಿದರೆ ಮೂರು ತಿಂಗಳ ಸಜಾ ಎಂದು ಮೊದಲನೆಯದು. ಹಳೆಯ ವಾದ್ಯ, ಗಾಯನ ಮುಂತಾದ ಕಲೆಗಳನ್ನು ಕ್ಷೀಣಿಸದಂತೆ ಪೋಷಿಸುವುದು ಸರ್ಕಾರದ ಆಶಯವಾದ್ದರಿಂದ, ಅದಕ್ಕಾಗಿ ಇನಾಂ ಉಣ್ಣುತ್ತಿರುವವರು ನಿಜವಾಗಿ ಸೇವೆ ನಡೆಸುತ್ತಿರುವರೇ ಎಂದು ಆರು ತಿಂಗಳ ಮೇಲೆ ವಿಚಾರಿಸಿ, ನಡೆಸದವರ ಜಮೀನನ್ನು ವಾಪಸು ತೆಗೆದುಕೊಳ್ಳತಕ್ಕದ್ದು ಎಂದು ಎರಡನೆಯದು. ಎರಡೂ ಒಳ್ಳೆಯ ಹುಕುಂಗಳೇ. ಬರೆದವರ ಅಕ್ಷರವೂ ಚೆನ್ನಾಗಿತ್ತು.

ಶಾನುಭೋಗರು ಚಾವಡಿಯಲ್ಲಿ ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ಓದಿದರು.

"ಅಂದ್ರೆ ಬಡೀಬೇಕೋ ಬ್ಯಾಡ್ವೋ ಸ್ವಾಮಿ?" ಎಂದು ಚಿಕ್ಕತಿಮ್ಮಪ್ಪ ಕೇಳಿದ.

"ಮೊದಲನೇದರ ಪ್ರಕಾರ ಬಡೀಕೂಡದು. ಎರಡನೇದರ ಪ್ರಕಾರ ಬಡೀದೆ ಇರಕೂಡದು."

"ಕೆಳಗೆ ಬೇವಿನ ಮರದ ತಾವ ಇಟ್ಕಂಡು ಬಡುದ್ರೆ?"

"ನಗಾರಿ ಬಾಗಿಲೊಳಗಿನ ವಸ್ತು ಕಣಯ್ಯ. ಈಚೆ ತರೋ ಹಾಗಿಲ್ಲ. ಅಲ್ಲದೆ ನಿನ್ನ ಸನ್ನದಿನಲ್ಲಿ ಬಾಗಿಲ ಮೇಲೆ ನಿಂತು ಅಂತಲೇ ಇದೆಯಲ್ಲ."

ಕಂಬಕ್ಕೊರಗಿ ಎಲೆ ಮಡಿಸುತ್ತಿದ್ದ ಪಟೇಲ ರೇವಣಸಿದ್ದಪ್ಪ, "ಒಂದ್ ಕೆಲ್ಸ ಮಾಡ್ಲೇ ತಿಮ್ಮ," ಎಂದ. "ಮ್ಯಾಲೆ ಹೋಗಿ ನಿಂತ್ಕ, ಬಡೀಬ್ಯಾಡ. ಎರಡೂ ಹುಕುಮ್ಮಿಗೂ ಅರ್ಧರ್ಧ ಮರ್ಯಾದೆ ಕೊಟ್ಟಂಗಾಗ್ತೈತೆ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕತಿಮ್ಮಪ್ಪ ನಗಲಿಲ್ಲ. ಅವನು ಅದನ್ನು ಸಲಹೆ ಎಂದು ತಿಳಿದ.

ಅಂದಿನಿಂದ ಎರಡು ಹೊತ್ತೂ ಅವನು ಮೆಟ್ಟಿಲು ಹತ್ತಿ, ನಗಾರಿಯ ಮುಂದೆ ನಿಂತು, ಕೋಲುಗಳನ್ನು ಚರ್ಮಕ್ಕೆ ಒಂದು ಗೇಣು ಮೇಲೆಯೇ ಆಡಿಸತೊಡಗಿದ. ಎಂಟು ನಿಧಾನ, ಎಂಟು ಬಿರುಸು, ಮೂರು. ಬೆವರು ಮೊದಲಿನಷ್ಟೇ ಬರುತ್ತಿತ್ತು.

"ಏನ್ ಮಾಡಿ ಬಂದೆ?" ಎಂದು ಹೆಂಡತಿ ಕಾಳಕ್ಕ ಕೇಳಿದಳು.

"ಸೇವೆ."

"ನಂಗೇನೂ ಕೇಳ್ಸಲಿಲ್ಲ."

"ಯಾರ್ಗೂ ಕೇಳ್ಸಬಾರ್ದು ಅಂತ ಬರ್ದೈತೆ."

ಅರ್ಜಿ ಹಿಡಿದು ಅವನು ಮೂರು ಕಚೇರಿ ಸುತ್ತಿದ. ಒಂದು ಕಡೆ ಕಟ್ಟಡದ ಗುಮಾಸ್ತರೂ ಇನಾಮಿನ ಗುಮಾಸ್ತರೂ ಒಂದೇ ಮೇಜಿನ ಎರಡು ಬದಿಗೆ ಕೂತಿದ್ದರು. ಇದು ಅವರ ವಿಷಯ ಎಂದು ಇವರು ಬೆರಳು ತೋರಿಸಿದರು. ಇವರ ವಿಷಯ ಎಂದು ಅವರು. ಚಿಕ್ಕತಿಮ್ಮಪ್ಪ ಮೇಜನ್ನು ನಾಲ್ಕು ಸಲ ಸುತ್ತಿ ಊರಿಗೆ ನಡೆದ.

ಮಳೆಗಾಲ ಬಂತು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಹುಲ್ಲು ಹೊತ್ತಿಸಿ ಚರ್ಮ ಕಾಯಿಸಿ, ಎಣ್ಣೆ ಸವರದಿದ್ದರೆ ನಗಾರಿ ಸತ್ತುಹೋಗುತ್ತದೆ. ಬೆಂಕಿ ಹಾಕುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ. ಮೂಲೆಯಲ್ಲಿ ಹಸಿ ತೊಗಲಿನ ವಾಸನೆ ಏಳತೊಡಗಿತು. ಅವನು ಮೂಗಿಗೆ ಪಂಚೆ ಕಟ್ಟಿಕೊಂಡು ಗಾಳಿಗೆ ಬಡಿದು ಇಳಿದು ಬರುತ್ತಿದ್ದ.

ಆಶ್ವೀಜದಲ್ಲಿ, ಹೋಬಳಿಯ ಶೇಕದಾರರು ಮಹಜರಿಗೆ ಬರುತ್ತಾರೆಂದು ತಳವಾರ ಸಾರಿ ಹೋದ. ಅಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಲೇ ಕಾಳಕ್ಕ ಹೇಳಿದಳು:

"ಇಗಾ, ಬಡಿದೀನಿ ಅನ್ನು."

"ಸಜಾ ಆಗ್ತೈತೆ."

"ಆಗ್ಲಿ. ಮೂರು ತಿಂಗ್ಳು ಹೆಂಗೋ ಕಳೀತೈತೆ. ಹೊಲ ಹೋದ್ರೆ ಆ ಕೂಸಿನ ಮ್ಯಾಲೆ ಯಾವನಾರ ನೇಗ್ಲು ಹೊಡೀತಾನೆ."

ಅವನು ಎದ್ದು, ಒಗೆದ ಪಂಚೆ ಉಟ್ಟು, ಹೊದೆಯುವ ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿದ. ಕಾಳಕ್ಕ ಆರು ರೊಟ್ಟಿಯನ್ನೂ ಒಣಚಟ್ನಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಜೈಲಿಗೆ ಹೊರಟ ಮನುಷ್ಯ ಹೀಗೆ ಊರಬಾಗಿಲಿಗೆ ಬಂದ.

ಶೇಕದಾರರು ಕಮಾನಿನ ಕೆಳಗೆ ಕೂರಲು ಒಪ್ಪದೆ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡಿದ್ದರು. "ಆರು ತಿಂಗಳಿಂದ ಇಲ್ಲಿ ನಗಾರಿ ಶಬ್ದ ಆಗಿದೆಯೋ ಇಲ್ಲವೋ? ಆಗಿದ್ದರೆ ಸಜಾ, ಆಗಿಲ್ಲದಿದ್ದರೆ ಇನಾಂ ವಾಪಸು. ಇದ್ದದ್ದು ಇದ್ದ ಹಾಗೆ ಹೇಳಿ," ಎಂದರು.

ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ದಿನವೇ ಅವರು ಪಟೇಲನ ಜಗಲಿಯಲ್ಲಿ ಕೂಡಿ, ತಿಮ್ಮನನ್ನು ಉಳಿಸಲೇಬೇಕೆಂದು ತೀರ್ಮಾನಿಸಿದ್ದರು. ಹೊಲ ಹೋದರೆ ಅರ್ಜಿ ಹಾಕಬಹುದು, ಬೇಡಿ ಬಿದ್ದರೆ ಮಾನ ವಾಪಸು ಬರುವುದಿಲ್ಲ ಎಂದು ಪಟೇಲ ಹೇಳಿದ್ದ. ತಿಮ್ಮನನ್ನೇ ಒಂದು ಮಾತು ಕೇಳೋಣವೆಂದು ಯಾರಿಗೂ ಹೊಳೆದಿರಲಿಲ್ಲ.

"ಸ್ವಾಮಿ, ನಮ್ಮ ತಿಮ್ಮ ದೇವ್ರಂಥಾವ," ಎಂದು ಪಟೇಲ ಮುಂದೆ ಬಂದು ಕೈಮುಗಿದ. "ಹುಕುಂ ಬಂದ ದಿನದಿಂದ ನಗಾರಿಗೆ ಒಂದು ಬೆಳ್ಳು ಸೋಕ್ಸಿಲ್ಲ."

"ಹೌದು ಸ್ವಾಮಿ," ಎಂದ ಕುರಿ ಕಾಯುವ ಗೊಲ್ಲಪ್ಪ. "ಹೊತ್ತು ತಿಳೀದೆ ನನ್ನ ಎರಡು ಕುರಿ ತ್ವಾಳದ ಪಾಲಾದ್ವು. ಅಷ್ಟು ನಿಯತ್ತು ಇವಂದು."

"ಸುಳ್ಳು ಸ್ವಾಮಿ," ಎಂದ ಚಿಕ್ಕತಿಮ್ಮಪ್ಪ. "ಬಡಿದೀನಿ. ದಿನಾ ಬಡಿದೀನಿ."

"ಲೇ, ಹೆದರಬ್ಯಾಡ್ವೋ. ನಾವಿಲ್ವೇನೋ," ಎಂದು ಪಟೇಲ ಅವನ ಬೆನ್ನು ತಟ್ಟಿದ.

"ಇಡೀ ಊರು ಕೇಳಿಲ್ಲ ಅಂತಿದೆ. ಬಡಿದವನು ನೀನೊಬ್ಬನೇ ಕೇಳಿದೆಯೇನಯ್ಯಾ?" ಎಂದರು ಶೇಕದಾರರು.

"ನನ್ಗೂ ಕೇಳ್ಸಲಿಲ್ಲ ಸ್ವಾಮಿ. ಆದ್ರೆ ಬಡಿದೀನಿ. ಬರ್ರಿ, ಮ್ಯಾಲೆ ಬಂದು ನೋಡ್ರಿ. ನಿಮ್ಮೆದುರಿಗೇ ಬಡೀತೀನಿ. ಸಜಾ ಬರ್ಕಳ್ರಿ."

ಕಾಳಕ್ಕ ಜನರ ಹಿಂದೆ, ಕೈಯಲ್ಲಿ ಸೆರಗು ಹಿಡಿದು, ಬಾಗಿಲ ಮೇಲಕ್ಕೆ ಕಣ್ಣಿಟ್ಟು ನಿಂತಿದ್ದಳು.

ಶೇಕದಾರರು ಟೋಪಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಹಿಂದೆ ಪಟೇಲ, ಶಾನುಭೋಗರು. ನಗಾರಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು ಕೂತಿತ್ತು. ಚಿಕ್ಕತಿಮ್ಮಪ್ಪ ಕಂಬಳಿಯನ್ನೂ ರೊಟ್ಟಿಯ ಗಂಟನ್ನೂ ಕೆಳಗಿಟ್ಟು ಕೋಲುಗಳನ್ನು ತೆಗೆದುಕೊಂಡ. ಕಣ್ಣು ಮುಚ್ಚಿ, ಎರಡೂ ತೋಳು ಎತ್ತಿ, ಆರು ತಿಂಗಳ ಬಲವನ್ನೆಲ್ಲ ಸೇರಿಸಿ ಬಡಿದ.

ನೆಂದ ಗೋಣಿಚೀಲಕ್ಕೆ ಬಡಿದ ಹಾಗೆ ಥಪ್ ಎಂದಿತು. ಧೂಳೆದ್ದಿತು. ಇನ್ನೊಂದು ಪೆಟ್ಟಿಗೆ ಕೋಲು ಒಳಕ್ಕೇ ಇಳಿಯಿತು. ಅಂಚಿನಲ್ಲಿ ಅಂಗೈಯಗಲ ಚರ್ಮವನ್ನು ಇಲಿಗಳು ತಿಂದಿದ್ದವು. ನಗಾರಿಯ ಹಂಡೆಯ ಒಳಗೆ ಕಣ್ಣು ಬಿಡದ ನಾಲ್ಕೈದು ಕೆಂಪು ಮರಿಗಳು ಕಂಡವು. ಅವನ ಅಂಗಾಲಿಗೆ ಏನೂ ತಾಗಲಿಲ್ಲ. ಆದರೂ ಅವನು ಎಂಟು ನಿಧಾನವನ್ನು ಮುಗಿಸಿದ.

ಕೆಳಗಿನಿಂದ ಯಾರೋ, "ಯಾವಾಗ ಬಡೀತಾನಂತೆ?" ಎಂದು ಕೇಳಿದರು.

"ಸಾಕು ಬಿಡಯ್ಯಾ," ಎಂದರು ಶೇಕದಾರರು. ಕೆಟ್ಟ ಮನುಷ್ಯರಲ್ಲ ಅವರು. ಕೆಲ ಹೊತ್ತು ಮರಿಗಳನ್ನೇ ನೋಡುತ್ತಿದ್ದರು. "ಶಬ್ದ ಬಂದರೆ ತಾನೇ ಬಡಿದ ಹಾಗೆ."

"ಮುಟ್ಟಿದ್ದು ನೋಡುದ್ರಲ್ಲ ಸ್ವಾಮಿ. ಅದ್ನಾದ್ರೂ ಬರ್ಕಳ್ರಿ."

"ನಾನೇ ಕರೆದುಕೊಂಡು ಬಂದು ಮುಟ್ಟಿಸಿದ್ದು. ಅದು ಪರೀಕ್ಷೆ, ಅಪರಾಧ ಅಲ್ಲ."

ಬೇವಿನ ಮರದಡಿ ಮಹಜರು ಬರೆದರು. ಸದರಿ ಚಿಕ್ಕತಿಮ್ಮಪ್ಪನು ಸರ್ಕಾರದ ಹುಕುಮ್ಮನ್ನು ಚಾಚೂ ತಪ್ಪದೆ ಪಾಲಿಸಿದ ನಿರಪರಾಧಿ. ಸದರಿಯವನಿಂದ ಆರು ತಿಂಗಳಿಂದ ನಗಾರಿ ಸೇವೆ ನಡೆದಿರುವುದಿಲ್ಲ. ಹನ್ನೊಂದು ಮಂದಿ ಹೆಬ್ಬೆಟ್ಟು ಒತ್ತಿದರು. ಸಜಾ ತಪ್ಪಿತಲ್ಲ ಎಂದು ಪಟೇಲ ಎಲ್ಲರಿಗೂ ಬೆಲ್ಲ ಹಂಚಿದ. ಚಿಕ್ಕತಿಮ್ಮಪ್ಪ ರೊಟ್ಟಿಯ ಗಂಟು ಹಿಡಿದು ಮನೆಗೆ ನಡೆದ. ಕಾಳಕ್ಕ ನಾಲ್ಕು ಮಾರು ಹಿಂದೆ ಬಂದಳು.

ಕಾರ್ತೀಕದಲ್ಲಿ ಹೊಲ ಹರಾಜಾಯಿತು. ಅದನ್ನು ಹಿಡಿದ ಹಿರಿಯೂರಿನ ತೆಂಗಿನ ವ್ಯಾಪಾರಿ, ಪೈರಿಗೆ ನೆರಳು ಬೀಳುತ್ತದೆಂದು ಹೊಂಗೆ ಮರವನ್ನು ಕಡಿಸಿದ. ಊರಬಾಗಿಲಿಗೆ, ಮುಟ್ಟಕೂಡದು ಎಂದು ಬರೆದ ತಗಡು ಹೊಡೆದರು. ಮೊಳೆ ಹೊಡೆಯುವಾಗ ಗಾರೆಯ ದೊಡ್ಡ ಚಕ್ಕೆಯೊಂದು ಉದುರಿತು, ಅದರ ಬಗ್ಗೆ ಯಾರೂ ಬರೆಯಲಿಲ್ಲ. ಮಾಘದಲ್ಲಿ ಹೊಲದ ಆ ಮೂಲೆಯನ್ನೂ ಸೇರಿಸಿ ಉತ್ತರು.