ಪ್ರಯಾಣದ ತಾಳಿ

ಸವಿತಾಳ ಗಂಡ ತೀರಿಹೋಗಿ ವರ್ಷಗಳಾಗಿದ್ದರೂ ಅವನು ಕಟ್ಟಿದ ತಾಳಿ ಆಕೆಯ ಕೈಚೀಲದಲ್ಲೇ ಇತ್ತು. ಹೊಲಿಗೆ ತರಬೇತಿ ಕೊಡುತ್ತ ಊರೂರು ತಿರುಗುವ ಹೆಂಗಸು. ಲಾಡ್ಜಿನ ಮ್ಯಾನೇಜರುಗಳಿಗೆ ಒಂಟಿ ಹೆಂಗಸೆಂದರೆ ಎಲ್ಲಿಲ್ಲದ ಕಾಳಜಿ. ಜೊತೆಗೆ ಯಾರಿದ್ದಾರೆ, ಯಾರು ಬರುತ್ತಾರೆ ಎಂದು ಕೇಳಿದ್ದೇ ಕೇಳಿದ್ದು. ಕೊರಳಲ್ಲಿ ತಾಳಿ ಕಂಡರೆ ಮಾತ್ರ ಸುಮ್ಮನೆ ಕೀಲಿ ಕೊಡುತ್ತಿದ್ದರು. ಹಾಗಾಗಿ ಬಸ್ಸು ಹತ್ತುವಾಗ ಹಾಕಿಕೊಂಡು, ಮನೆಗೆ ಬಂದೊಡನೆ ಬಿಚ್ಚಿಡುವಳು.

ಈ ಸಲ ಲಾಡ್ಜಿನ ಸಹವಾಸವೇ ಬೇಡವೆಂದು ಶಹಾಪುರದಲ್ಲಿ ಮನೆಯೊಂದರ ಮಹಡಿಯ ಕೋಣೆಯನ್ನು ದಿನಬಾಡಿಗೆಗೆ ಹಿಡಿದಳು. ಬಾಗಿಲು ತೆರೆಯುವ ಮೊದಲೇ ಮನೆಯೊಡತಿ ಗೊಲ್ಲಾಳಮ್ಮ ನಿಮ್ಮ ಯಜಮಾನರೆಲ್ಲಿ ಎಂದು ಕೇಳಿದಳು. ತಾಳಿ ಕೊರಳಲ್ಲೇ ಇತ್ತಲ್ಲ, ಪುಣೆಯಲ್ಲಿದ್ದಾರೆ ಎಂದು ಸವಿತಾ ರೂಢಿಯಂತೆ ಹೇಳಿಬಿಟ್ಟಳು.

ಲಾಡ್ಜಿನಲ್ಲಾದರೆ ಆ ಸುಳ್ಳು ಕೌಂಟರಿನಲ್ಲೇ ಮುಗಿಯುತ್ತಿತ್ತು. ಇಲ್ಲಿ ಅದು ಊಟಕ್ಕೂ ಜೊತೆಗೆ ಬಂದು ಕೂತಿತು. ರೊಟ್ಟಿ ಬಡಿಸುತ್ತ ಗೊಲ್ಲಾಳಮ್ಮ, ಅವರಿಗೆ ಯಾವ ಪಲ್ಯ ಇಷ್ಟ, ಫೋನು ಯಾಕೆ ಮಾಡುವುದಿಲ್ಲ ಎಂದು ವಿಚಾರಿಸುವಳು. ಸತ್ತ ಗಂಡನಿಗೆ ಪುಣೆಯಲ್ಲಿ ನೌಕರಿ ಕೊಡಿಸಿ, ಬಡ್ತಿಯನ್ನೂ ಕೊಡಿಸಿ ಸವಿತಾಳಿಗೆ ಸಾಕುಸಾಕಾಯಿತು. ಅವನನ್ನು ಹೀಗೆ ಬದುಕಿಸುವಾಗ ಹಳೆಯ ದುಃಖವೆಲ್ಲ ಮತ್ತೆ ಉಕ್ಕುತ್ತಿತ್ತು.

ಹೊರಡುವ ದಿನ ಚೀಲ ಹಿಡಿದು ಇಳಿದರೆ ಪಡಸಾಲೆಯ ತುಂಬ ಹೆಂಗಸರು. ಗೊಲ್ಲಾಳಮ್ಮನ ಬಸುರಿ ಮಗಳು ಶಿವರಂಜನಿಗೆ ಸೀಮಂತದ ಕುಬುಸ. ಐವರು ಮುತ್ತೈದೆಯರು ಉಡಿ ತುಂಬಬೇಕು. ಸುರಪುರದಿಂದ ಬರಬೇಕಾದ ಒಬ್ಬಳು ಬಂದಿರಲಿಲ್ಲ.

“ಮನ್ಯಾಗ ನೀವ ಅದೀರಲ್ಲರಿ, ಮೇಡಂ. ಬರ್ರಿ, ಕುಂದರ್ರಿ.”

ಬಸ್ಸಿಗೆ ಹೊತ್ತಾಯಿತೆಂದು ಸವಿತಾ ಎಷ್ಟು ಹೇಳಿದರೂ ಕೇಳದೆ ಗೊಲ್ಲಾಳಮ್ಮ ಚೀಲ ಕಸಿದುಕೊಂಡು ದೇವರ ಕೋಣೆಯಲ್ಲಿಟ್ಟಳು. ನಿಜ ಹೇಳಿದರೆ ಇಷ್ಟು ಜನರೆದುರು ಮಾನ ಹೋಗುತ್ತದೆ. ಹೇಳದಿದ್ದರೆ, ನಾಳೆ ಈ ಹುಡುಗಿಗೆ ಏನಾದರೂ ಆದರೆ ತನ್ನಿಂದಲೇ ಆಯಿತೆಂದು ಸಾಯುವತನಕ ಕೊರಗಬೇಕು. ಅಂಥದ್ದನ್ನೆಲ್ಲ ನಂಬುವವಳಲ್ಲ ಸವಿತಾ. ಆದರೂ ಹೆದರಿದಳು. ಯಾರೋ ಹಣೆಗೆ ಕುಂಕುಮ ಹಚ್ಚಿದರು, ಇನ್ನಾರೋ ಕೈಗೆ ಅಕ್ಕಿ, ಕೊಬ್ಬರಿ ಬಟ್ಟಲು ಕೊಟ್ಟರು. ಸವಿತಾ ಉಡಿ ತುಂಬಿದಳು. ಮುಗಿಯಿತು, ಇನ್ನು ಎದ್ದು ಹೋದರಾಯಿತು ಎಂದುಕೊಳ್ಳುವಷ್ಟರಲ್ಲಿ ಶಿವರಂಜನಿ ಬಗ್ಗಿ ಆಕೆಯ ಎರಡೂ ಕಾಲು ಹಿಡಿದಳು.

“ನಿಮ್ಮಂಗ ಬಾಳಲಿ ಅಂತ ಹರಸ್ರಿ,” ಅಂದಳು ಗೊಲ್ಲಾಳಮ್ಮ.

ಅಷ್ಟೂ ಸುಳ್ಳು ಹೇಳಿದ್ದ ಬಾಯಿಗೆ ಇದೊಂದು ಬರಲಿಲ್ಲ. ಉಡಿಯ ಭಾರಕ್ಕೆ ಬಾಗಿದ ಆ ಎಳೆ ಬೆನ್ನನ್ನೇ ಸವಿತಾ ನೋಡಿದಳು.

“ನನ್ನಂಗ ಬ್ಯಾಡವ್ವಾ,” ಅಂದಳು. “ನನಗ ಗಂಡ ಇಲ್ಲ.”

ಸೋಬಾನೆ ಹಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಎಲ್ಲರ ಕಣ್ಣೂ ಆಕೆಯ ತಾಳಿಯ ಮೇಲೆ. ಓಡಿಹೋಗೋಣವೆಂದರೆ ಚೀಲ ದೇವರ ಕೋಣೆಯಲ್ಲಿತ್ತು. ಶಿವರಂಜನಿ ತಲೆ ಎತ್ತಲಿಲ್ಲ, ಹಿಡಿದ ಕಾಲನ್ನೂ ಬಿಡಲಿಲ್ಲ.