ಭಾವ, ಭಾಮೈದ ಮತ್ತು ಕಾಲು ಸುತ್ತು

ಆ ಲಾರಿಗೆ ಇಬ್ಬರು ಯಜಮಾನರು. ಒಬ್ಬ ಭಾವ, ಇನ್ನೊಬ್ಬ ಭಾಮೈದ. ಲಾರಿ ಕೊಂಡಿದ್ದ ಹಿರಿಯರು ಕಣ್ಣು ಮುಚ್ಚುವ ಮೊದಲು ಅಳಿಯನನ್ನೂ ಮಗನನ್ನೂ ಹತ್ತಿರ ಕರೆದು, "ಇಬ್ಬರೂ ಸೇರಿ ಓಡಿಸ್ಕೊಂಡು ಹೋಗಿ" ಎಂದಿದ್ದರು. ಸೇರಿ ಎನ್ನುವ ಮಾತಿಗೆ ಇವರು ಮಾಡಿಕೊಂಡ ಅರ್ಥವೇ ಬೇರೆ: ಒಂದು ದಿನ ಭಾವ, ಮರುದಿನ ಭಾಮೈದ. ಗೂಡಿನಿಂದ ಇಟ್ಟಿಗೆ ತುಂಬಿಕೊಂಡು ಗುಡ್ಡದ ಮೇಲಿನ ಪೇಟೆಯಲ್ಲಿ ಇಳಿಸಿ ಬರುವುದು ಕೆಲಸ.

ಲಾರಿ ಭಾಮೈದನಿಗಿಂತ ವಯಸ್ಸಿನಲ್ಲಿ ದೊಡ್ಡದು. ಅದರ ಇಂಜಿನ್ನಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಕ್ಕದಲ್ಲಿ ಒಂದು ಡೀಸೆಲ್ ಪಂಪು, ಆ ಪಂಪಿನ ಬೆನ್ನಿಗೆ ಒಂದು ಸ್ಕ್ರೂ. ಬಲಕ್ಕೆ ತಿರುಗಿಸಿದರೆ ಇಂಜಿನ್ನಿಗೆ ಡೀಸೆಲ್ ಜಾಸ್ತಿ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಕಡಿಮೆ. ಜಾಸ್ತಿಯಾದರೆ ಲಾರಿ ಜೋರಾಗಿ ಎಳೆಯುತ್ತದೆ, ಜೊತೆಗೆ ಕರಿಹೊಗೆ ಕಾರುತ್ತದೆ, ಇಂಜಿನ್ ಕಾಯುತ್ತದೆ. ಕಡಿಮೆಯಾದರೆ ಡೀಸೆಲ್ ಉಳಿಯುತ್ತದೆ, ಏರು ಬಂದಾಗ ಮಾತ್ರ ಏದುಸಿರು ಬಿಡುತ್ತದೆ. ಸರಿಯಾದ ಜಾಗದಲ್ಲಿ ಕೂರಿಸಿ ಮುಟ್ಟದೆ ಬಿಟ್ಟರೆ ಯಾವ ರಗಳೆಯೂ ಇಲ್ಲ. ಮುಟ್ಟದೆ ಬಿಡುವ ವಿದ್ಯೆಯೊಂದು ಈ ಮನೆಯ ಗಂಡಸರಿಗೆ ಬರುತ್ತಿರಲಿಲ್ಲ.

ಭಾವನಿಗೆ ಎಲ್ಲದರಲ್ಲೂ ಅವಸರ. ಏರಿನಲ್ಲಿ ಯಾರಾದರೂ ತನ್ನನ್ನು ಹಿಂದೆ ಹಾಕಿದರೆ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಭಾಮೈದ ಪರಮ ಜಿಪುಣ. ಬಂಕಿನಲ್ಲಿ ಡೀಸೆಲ್ ಹಾಕಿಸಿದ ಮೇಲೆ ಪೈಪನ್ನು ಎತ್ತಿ, ಕೊಡವಿ, ಕೊನೆಯ ಹನಿಯೂ ಟ್ಯಾಂಕಿಗೆ ಬಿದ್ದ ಸದ್ದು ಕೇಳಿಸಿಕೊಂಡೇ ಮುಚ್ಚಳ ಹಾಕುವವನು. ಹೀಗಾಗಿ ಭಾವ ತನ್ನ ಸರದಿಯ ದಿನ ಬೆಳಿಗ್ಗೆ ಬಾನೆಟ್ ಎತ್ತಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸ್ಕ್ರೂವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸುತ್ತಿದ್ದ. ಭಾಮೈದ ತನ್ನ ಸರದಿಯ ದಿನ ಅಷ್ಟೇ ಗುಟ್ಟಾಗಿ ಎಡಕ್ಕೆ ಕಾಲು ಸುತ್ತು. ಇಬ್ಬರಿಗೂ ಇನ್ನೊಬ್ಬನ ಕೈವಾಡ ಗೊತ್ತಿರಲಿಲ್ಲ. ಗಾಡಿಯ ಅಲುಗಾಟಕ್ಕೆ ಸ್ಕ್ರೂ ತಾನಾಗಿ ಜಾರುತ್ತದೆ ಎಂದೇ ಇಬ್ಬರೂ ನಂಬಿದ್ದರು.

ರಾತ್ರಿ ಊಟಕ್ಕೆ ಕೂತರೆ ಅದೇ ರಾಮಾಯಣ.

"ನೀನು ಓಡಿಸೋ ದಿನ ಗಾಡಿ ಮುದುಕನ ಥರ ಆಡುತ್ತಂತೆ" ಎಂದು ಭಾವ ಶುರು ಮಾಡುತ್ತಿದ್ದ. "ಅದೇನು ಓಡಿಸ್ತೀಯೋ, ತೂಗಿ ಮಲಗಿಸ್ತೀಯೋ?"

"ನೀವು ಓಡಿಸೋ ದಿನ ಹಿಂದೆ ಬರೋರು ಹಗಲಲ್ಲೇ ಲೈಟ್ ಹಾಕ್ಕೋತಾರಂತೆ ಭಾವ. ಅಷ್ಟು ಹೊಗೆ."

ಇವರಿಬ್ಬರ ನಡುವೆ ತಟ್ಟೆಗೆ ಬಡಿಸುತ್ತಿದ್ದವಳು ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಯಾರ ಪರ ಮಾತಾಡಿದರೂ ಇನ್ನೊಬ್ಬ ಮುಖ ಊದಿಸಿಕೊಳ್ಳುತ್ತಿದ್ದ. ಹಾಗಾಗಿ ಅವಳು ಊಟದ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಂಡು ಕಿವಿ ಮಾತ್ರ ತೆರೆದಿಡುತ್ತಿದ್ದಳು.

ಗುಟ್ಟು ರಟ್ಟಾದದ್ದು ಒಂದು ಬಿಳಿ ಅಂಗಿಯಿಂದ. ಲಾರಿಯ ಟೂಲ್ ಬಾಕ್ಸಿನ ಮುಚ್ಚಳ ತೆರೆದರೆ ಬೀದಿಗೆಲ್ಲ ಕೇಳುವಷ್ಟು ಕಿರುಚುತ್ತಿತ್ತು. ಅದಕ್ಕೆ ಗಂಡಸರಿಬ್ಬರೂ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದ್ದ ಸ್ಕ್ರೂಡ್ರೈವರನ್ನೇ ಕದ್ದು ಒಯ್ಯುತ್ತಿದ್ದರು. ಒಮ್ಮೆ ಅಕ್ಕ ಅದರಿಂದ ಮಿಷನ್ ಬಿಗಿಮಾಡಿ, ಗಿರಾಕಿಯ ಹೊಸ ಅಂಗಿ ಕೈಗೆತ್ತಿಕೊಂಡರೆ ಕಾಲರಿನ ಮೇಲೆ ಅವಳದೇ ಹೆಬ್ಬೆಟ್ಟಿನ ಕಪ್ಪು ಗುರುತು. ಮೂಸಿ ನೋಡಿದಳು. ಡೀಸೆಲ್. ಮರುದಿನ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ನಿಂತಳು, ಗಂಡ ಸಿಕ್ಕಿಬಿದ್ದ. ಅದರ ಮಾರನೇ ಬೆಳಿಗ್ಗೆಯೂ ನಿಂತಳು, ತಮ್ಮ ಸಿಕ್ಕಿಬಿದ್ದ. ಒಬ್ಬನ ಕೈ ಬಲಕ್ಕೆ, ಒಬ್ಬನ ಕೈ ಎಡಕ್ಕೆ. ಅವಳಿಗೆ ಎಷ್ಟು ನಗು ಬಂತೆಂದರೆ ಬಾಯಿಗೆ ಆ ಅಂಗಿಯನ್ನೇ ಒತ್ತಿಕೊಂಡಳು. ಹೇಗೂ ಅದನ್ನು ಇನ್ನೊಮ್ಮೆ ಒಗೆಯಬೇಕಿತ್ತು.

ಇಬ್ಬರನ್ನೂ ಕೂರಿಸಿ ಬೈಯಬಹುದಿತ್ತು. ಬೈದರೆ ಕೇಳುವ ಜಾತಿಯಲ್ಲ ಎಂದು ಅವಳಿಗೆ ಅನುಭವವಿತ್ತು. ಅವಳು ನೆಟ್ಟಗೆ ಪಂಪಮ್ಮನ ಅಂಗಡಿಗೆ ಹೋದಳು.

ಪಂಪಮ್ಮ ಎನ್ನುವುದು ಊರು ಇಟ್ಟ ಹೆಸರು. ಡೀಸೆಲ್ ಪಂಪು ಬಿಚ್ಚಿ ರಿಪೇರಿ ಮಾಡುವುದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅಂಗಡಿಯ ಒಳಗೆ ಒಂದು ಉದ್ದನೆಯ ಯಂತ್ರ, ಅದರ ಮುಂದೆ ಸಾಲಾಗಿ ಗಾಜಿನ ಕೊಳವೆಗಳು. ಪಂಪನ್ನು ಅದಕ್ಕೆ ಕಟ್ಟಿ ತಿರುಗಿಸಿದರೆ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತದೆ ಎಂದು ಕೊಳವೆಗಳಲ್ಲಿ ಕಾಣುತ್ತದೆ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಪಂಪಮ್ಮ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು.

"ಸರಿಯಾಗಿ ಕೂರಿಸಿ ಸೀಲ್ ಹಾಕಿ ಕೊಡ್ಲಾ?"

"ಸೀಲ್ ಕಿತ್ತು ಹಾಕ್ತಾರೆ. ಅವರಿಗೆ ತಿರುಗಿಸೋಕೆ ಏನಾದ್ರೂ ಬೇಕು ಪಂಪಮ್ಮ. ಕೈ ಸುಮ್ನಿರಲ್ಲ."

ಪಂಪಮ್ಮ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ನಕ್ಕಳು. "ತಿರುಗಿಸೋಕೆ ತಾನೇ? ಕೊಡೋಣ. ಪಂಪು ಸೋರುತ್ತೆ ಅಂತ ಹೇಳಿ ಗಾಡಿ ಕಳಿಸು."

ಪಂಪು ಸೋರುತ್ತಿದೆ ಎಂದು ಅಕ್ಕ ಹೇಳಿದ್ದೇ ತಡ, ಇಬ್ಬರೂ ಎಂದೂ ಇಲ್ಲದಷ್ಟು ಬೇಗ ಒಪ್ಪಿದರು. ಬೆಳಿಗ್ಗೆ ಲಾರಿ ಬಿಡಲು ಬಂದ ಭಾವ ಪಂಪಮ್ಮನನ್ನು ಪಕ್ಕಕ್ಕೆ ಕರೆದ.

"ಸ್ವಲ್ಪ ಜಾಸ್ತಿ ಎಳೆಯೋ ಹಾಗೆ ಇಡಿ. ನನ್ನ ಭಾಮೈದನಿಗೆ ಹೇಳ್ಬೇಡಿ, ಅವನು ಪುಕ್ಕಲ."

ಮಧ್ಯಾಹ್ನ ಭಾಮೈದ ಬಂದ. "ಸ್ವಲ್ಪ ಕಮ್ಮಿ ಕುಡಿಯೋ ಹಾಗೆ ಇಡಿ. ಭಾವನಿಗೆ ಗೊತ್ತಾಗೋದು ಬೇಡ, ಸುಮ್ನೆ ಕೂಗಾಡ್ತಾರೆ."

ಪಂಪಮ್ಮ ಇಬ್ಬರಿಗೂ ಆಗಲಿ ಎಂದಳು. ಪಂಪನ್ನು ಬಿಚ್ಚಿ, ಯಂತ್ರಕ್ಕೆ ಕಟ್ಟಿ, ಗಾಜಿನ ಕೊಳವೆಗಳಲ್ಲೆಲ್ಲ ಡೀಸೆಲ್ ಒಂದೇ ಸಮ ನಿಲ್ಲುವ ತನಕ ಪಟ್ಟು ಬಿಡದೆ ಕೂತಳು. ಎಷ್ಟು ಹೋಗಬೇಕೋ ಅಷ್ಟಕ್ಕೆ ಸ್ಕ್ರೂ ಬಿಗಿದು, ಮೇಲೆ ಟೊಪ್ಪಿ ಹಾಕಿ, ಸೀಸದ ಸೀಲ್ ಒತ್ತಿ, ಅದು ಕಾಣದ ಹಾಗೆ ಒಂದು ತಗಡು ಮುಚ್ಚಿದಳು. ಆ ತಗಡಿನ ಮೇಲೆ ಇನ್ನೊಂದು ಸ್ಕ್ರೂ ಕೂರಿಸಿದಳು. ಹೊಳೆಯುವ, ದಪ್ಪ ತಲೆಯ, ನೋಡಿದರೆ ತಿರುಗಿಸಬೇಕು ಅನ್ನಿಸುವಂಥ ಸ್ಕ್ರೂ. ಕೆಳಗೊಂದು ಸ್ಪ್ರಿಂಗ್ ಇಟ್ಟಳು, ತಿರುಗಿಸುವವನ ಕೈಗೆ ಬಿಗಿ ಸಿಗಲಿ ಎಂದು. ಆ ಸ್ಕ್ರೂವಿಗೂ ಇಂಜಿನ್ನಿಗೂ ಯಾವ ನಂಟೂ ಇರಲಿಲ್ಲ.

ಬಲಕ್ಕೆ ಜಾಸ್ತಿ, ಎಡಕ್ಕೆ ಕಮ್ಮಿ, ಕಾಲು ಸುತ್ತಿನ ಮೇಲೆ ಹೋಗಬೇಡ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ, ಪಿಸುಮಾತಿನಲ್ಲಿ ತಾಕೀತು ಮಾಡಿದಳು.

ಮನೆಯಲ್ಲಿ ಕಾಲ ಬದಲಾಯಿತು. "ಗಾಡಿ ಈಗ ಆನೆ ಥರ ಎಳೆಯುತ್ತೆ" ಎಂದು ಭಾವ ಊಟದ ಮಧ್ಯೆ ಕೈ ಎತ್ತಿ ಹೇಳಿದ. "ಕುಡಿಯೋದೂ ಕಮ್ಮಿಯಾಗಿದೆ, ಗುಬ್ಬಿ ಥರ" ಎಂದ ಭಾಮೈದ. ಒಂದೇ ಗಾಡಿ ಆನೆಯೂ ಗುಬ್ಬಿಯೂ ಆದದ್ದು ಹೇಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸಿ ಎರಡನೇ ಸಲ ಬಡಿಸಿಕೊಂಡರು. ಅಕ್ಕ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಪದೇ ಪದೇ ಒಳಗೆ ಹೋಗಿ ಬರುತ್ತಿದ್ದಳು.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಗುಡ್ಡದ ಮೇಲಿನ ಹಿಟ್ಟಿನ ಗಿರಣಿಗೆ ಹೊಸ ಯಂತ್ರ ಸಾಗಿಸುವ ಬಾಡಿಗೆ ಬಂತು. ಇಳಿಸುವುದಕ್ಕೆ ಇಬ್ಬರೂ ಬೇಕು. ಮೊದಲ ಸಲ ಭಾವ, ಭಾಮೈದ ಒಂದೇ ಕ್ಯಾಬಿನ್ನಿನಲ್ಲಿ ಕೂತರು. ಸ್ಟಿಯರಿಂಗ್ ಭಾವನ ಕೈಯಲ್ಲಿ.

ಏರಿನ ಬುಡದಲ್ಲಿ ಭಾವ ಗಾಡಿ ನಿಲ್ಲಿಸಿದ. ಇಂಜಿನ್ ಓಡುತ್ತಲೇ ಇತ್ತು. "ರೇಡಿಯೇಟರ್ ಒಂದ್ಸಲ ನೋಡ್ತೀನಿ, ನೀನು ಕೂತಿರು" ಎಂದು ಇಳಿದು ಬಾನೆಟ್ ಎತ್ತಿದ. ಭಾಮೈದನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ಭಾರ ಹೊತ್ತು ಈ ಮನುಷ್ಯ ಓಡಿಸಿದರೆ ಟ್ಯಾಂಕೇ ಖಾಲಿ ಎಂದು ಹೆದರಿ, ಮೂತ್ರಕ್ಕೆಂದು ಇಳಿದವನ ಹಾಗೆ ಆ ಕಡೆಯಿಂದ ಸುತ್ತಿ ಬಂದು ಬಾನೆಟ್ಟಿನ ಕೆಳಗೆ ತಲೆ ತೂರಿಸಿದ. ಎದುರಿಗೆ ಭಾವನ ತಲೆ. ಭಾವನ ಕೈಯಲ್ಲೊಂದು ಸ್ಕ್ರೂಡ್ರೈವರ್, ತನ್ನ ಕೈಯಲ್ಲೊಂದು.



"ಇದು ರೇಡಿಯೇಟರಾ ಭಾವ?"

"ನೀನು ಮೂತ್ರ ಮಾಡೋ ಜಾಗಾನಾ ಇದು?"

"ಅಂದ್ರೆ ಇಷ್ಟು ದಿನ ಬಲಕ್ಕೆ ತಿರುಗಿಸ್ತಿದ್ದೋರು ನೀವು."

"ಅಂದ್ರೆ ಇಷ್ಟು ದಿನ ನನ್ನ ಗಾಡಿ ಕತ್ತು ಹಿಸುಕ್ತಿದ್ದೋನು ನೀನು."

ಭಾವ ಸಿಟ್ಟಿನಿಂದ ಸ್ಕ್ರೂವನ್ನು ಬಲಕ್ಕೆ ತಿರುಗಿಸಿದ. ಭಾಮೈದ ಅವನ ಕೈ ತಳ್ಳಿ ಎಡಕ್ಕೆ ತಿರುಗಿಸಿದ. ಕಾಲು ಸುತ್ತಿನ ಲೆಕ್ಕ ಇಬ್ಬರೂ ಮರೆತರು. ಬಲ, ಎಡ, ಬಲ, ಎಡ. ಭಾಮೈದನ ಕೈಯೇ ಮೇಲಾಗಿ ಎಡಕ್ಕೆ ಮೂರ್ನಾಲ್ಕು ಸುತ್ತು ಬಿದ್ದದ್ದೇ, ಸ್ಕ್ರೂ ಕಳಚಿ ಅವನ ಅಂಗೈಗೆ ಬಂತು. ಸ್ಪ್ರಿಂಗ್ ಟಣ್ಣನೆ ಹಾರಿ ರಸ್ತೆಯಾಚೆ ಬಿತ್ತು.

ಇಬ್ಬರೂ ಕಿವಿ ನಿಮಿರಿಸಿ ನಿಂತರು, ಈಗ ಇಂಜಿನ್ ನಿಲ್ಲುತ್ತದೆ, ಇಲ್ಲವೇ ಸಿಡಿಯುತ್ತದೆ ಎಂದು. ಇಂಜಿನ್ ಎಂದಿನ ಹಾಗೆ ಗುಡುಗುಡು ಎನ್ನುತ್ತಿತ್ತು. ಭಾಮೈದ ಸ್ಕ್ರೂವಿದ್ದ ತೂತಿನೊಳಗೆ ಇಣುಕಿ ನೋಡಿದ. ಒಳಗೆ ಬರೀ ತಗಡು.

"ಭಾವ, ಇದು ಎಲ್ಲಿಗೂ ಹೋಗಲ್ಲ."

"ಏನು ಎಲ್ಲಿಗೂ ಹೋಗಲ್ಲ?"

"ಸ್ಕ್ರೂ. ಯಾವುದಕ್ಕೂ ಸೇರಿಲ್ಲ."

ಭಾವ ಬಾನೆಟ್ ಮುಚ್ಚಿ ಹತ್ತಿ ಕೂತ. ಲಾರಿ ಆ ಭಾರ ಹೊತ್ತು, ಹೊಗೆ ಬಿಡದೆ, ಏದುಸಿರೂ ಬಿಡದೆ ಗುಡ್ಡ ಹತ್ತಿತು. ಅದೊಂದೇ ಇಬ್ಬರಿಗೂ ನುಂಗಲಾರದ ತುತ್ತಾಯಿತು. ಗಾಡಿ ಕೆಟ್ಟು ನಿಂತಿದ್ದರೆ ಪಂಪಮ್ಮನ ಮೇಲೆ ಹರಿಹಾಯಬಹುದಿತ್ತು.

ಯಂತ್ರ ಇಳಿಸಿ ಬರುವಾಗ ಅಂಗಡಿಯ ಮುಂದೆ ನಿಲ್ಲಿಸಿದರು. ಭಾವ ಸ್ಕ್ರೂವನ್ನು ಅವಳ ಮೇಜಿನ ಮೇಲೆ ಇಟ್ಟ.

"ಏನಿದು?"

"ಸ್ಕ್ರೂ" ಎಂದಳು ಪಂಪಮ್ಮ. "ಗುಡ್ಡ ಹತ್ತಿತಾ?"

"ಹತ್ತಿತು."

"ಡೀಸೆಲ್ ಜಾಸ್ತಿ ಕುಡೀತಾ?"

"ಇಲ್ಲ" ಎಂದ ಭಾಮೈದ, ಒಲ್ಲದ ಮನಸ್ಸಿನಿಂದ.

"ಮತ್ತೆ ಯಾಕೆ ಈ ಮುಖ? ಬೈಯೋದಿದ್ರೆ ಮನೆಗೆ ಹೋಗಿ ಬೈಯಿರಿ. ಇದನ್ನ ಬೇಕು ಅಂದೋಳು ಅಲ್ಲಿದ್ದಾಳೆ."

ಮನೆಯಲ್ಲಿ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಬಿಳಿ ಅಂಗಿಯಿಂದ ಹಿಡಿದು ಕಿಟಕಿ ಪರದೆಯ ತನಕ ಹೇಳಿ, ಹೇಳುವಾಗಲೇ ನಗು ಉಕ್ಕಿ, ಕಣ್ಣೊರೆಸಿಕೊಂಡು ಕೂತಳು. "ರೀ, ಆನೆ ಅಂದ್ರಲ್ಲ" ಎನ್ನುವಳು, ಮತ್ತೆ ನಗುವಳು. ಗಂಡ ಗೋಡೆ ನೋಡುತ್ತಿದ್ದ, ತಮ್ಮ ನೆಲ ನೋಡುತ್ತಿದ್ದ. ಅವಮಾನದಲ್ಲಿ ಇಬ್ಬರಿಗೂ ಸಮಪಾಲು ಸಿಕ್ಕಿದ್ದರಿಂದ ಜಗಳಕ್ಕೆ ಎಡೆಯೇ ಇರಲಿಲ್ಲ. ಇದು ಮನೆ ಬಿಟ್ಟು ಹೊರಗೆ ಹೋಗಬಾರದು ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ತಕ್ಷಣ ಒಂದಾದರು.

ಕೆಲವು ದಿನ ಕಳೆದ ಮೇಲೆ ಇಟ್ಟಿಗೆ ಗೂಡಿನ ಹತ್ತಿರ ಇಬ್ಬರೂ ಕೂತು ಚಹಾ ಕುಡಿಯುವಾಗ ಮೀಸೆಯ ಡ್ರೈವರೊಬ್ಬ ಇವರ ಬಳಿ ಬಂದ. ಏರಿನಲ್ಲಿ ಎಲ್ಲರನ್ನೂ ಕೆಣಕುತ್ತಾ ಹೋಗುವುದು ಅವನ ಚಾಳಿ. ಅವನ ಲಾರಿಯ ಹೊಗೆಗೆ ದಾರಿಯ ಮರಗಳೇ ಕಪ್ಪಾಗಿದ್ದವು.

"ನಿಮ್ಮ ಗಾಡಿಗೆ ಏನು ಮಾಡಿಸಿದ್ರಿ? ಹೊಗೆ ಇಲ್ಲ, ಮತ್ತೆ ಹಾಗೆ ಹತ್ತುತ್ತೆ. ನಂಗೂ ಹೇಳ್ರಪ್ಪ."

ಭಾವ ಲೋಟದ ಮೇಲಿಂದ ಭಾಮೈದನನ್ನು ನೋಡಿದ. ಭಾಮೈದ ಭಾವನನ್ನು ನೋಡಿದ.

"ಪಂಪಮ್ಮನ ಹತ್ರ ಹೋಗು" ಎಂದ ಭಾವ, ದನಿ ತಗ್ಗಿಸಿ. "ಹೊರಗಡೆ ಒಂದು ಸ್ಕ್ರೂ ಹಾಕಿ ಕೊಡ್ತಾಳೆ. ದಿನಾ ಬೆಳಿಗ್ಗೆ ಬಲಕ್ಕೆ ಅರ್ಧ ಸುತ್ತು."

"ಅರ್ಧ ಜಾಸ್ತಿ ಆಗುತ್ತೆ ಭಾವ" ಎಂದ ಭಾಮೈದ, ಗಂಭೀರವಾಗಿ ಹಣೆ ಗಂಟಿಕ್ಕಿ. "ಇವರ ಗಾಡಿ ಹಳೇದು. ಕಾಲು ಸುತ್ತು ಸಾಕು."

"ಅದೂ ಸರಿ" ಎಂದ ಭಾವ. "ಕಾಲು ಸುತ್ತೇ ಸಾಕು."